ಮಿಡ್‌ಫೀಲ್ಡ್‌ಗೆ ಎರವಲು ಬಂದ ಆಟಗಾರ ಯಾಕೆ ಸಪ್ಪೆಯಾಗುತ್ತಾನೆ? ಒಂದು ಅಧ್ಯಯನ ಟಿಪ್ಪಣಿ

ಫುಟ್‌ಬಾಲ್ ವರ್ಗಾವಣೆಗಳನ್ನು ಗಂಭೀರವಾಗಿ ಗಮನಿಸುವವರಿಗೆ ಒಂದು ಸಂಗತಿ ಪದೇ ಪದೇ ಎದುರಾಗುತ್ತದೆ. ದೊಡ್ಡ ತಂಡಗಳಲ್ಲಿ ಆಡಿದ, ಹೆಸರು ಮಾಡಿದ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದಲ್ಲಿ ಆಡುವವನು) ಒಬ್ಬ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲದ ಎರವಲಾಗಿ, ಹೊಸ ಕ್ಲಬ್‌ಗೆ ಬರುತ್ತಾನೆ. ಅಭಿಮಾನಿಗಳು ಆಸೆ ಇಟ್ಟುಕೊಳ್ಳುತ್ತಾರೆ. ಋತು ಮುಗಿಯುವ ಹೊತ್ತಿಗೆ ಅವನು ಬಂದಿದ್ದೂ ಹೋಗಿದ್ದೂ ಒಂದೇ ಆಗಿರುತ್ತದೆ. ‘ಆಟಗಾರನಲ್ಲಿ ದಮ್ಮಿಲ್ಲ’ ಎಂದು ಷರಾ ಬರೆದು ಮುಗಿಸಿಬಿಡಬಹುದು. ಆದರೆ ಅದರಿಂದ ಕಲಿಯುವವರಿಗೆ ಏನೂ ದಕ್ಕುವುದಿಲ್ಲ.

ನನ್ನ ವಾದ ಇದು. ಮೈದಾನದಲ್ಲಿ ಹೊಂದಿಕೊಳ್ಳಲು ಹೆಚ್ಚು ಸಮಯ ಬೇಡುವ ಜಾಗ ಮಿಡ್‌ಫೀಲ್ಡ್. ವರ್ಗಾವಣೆಗಳಲ್ಲಿ ಅತಿ ಕಡಿಮೆ ಸಮಯ ಕೊಡುವ ಒಪ್ಪಂದ ಲೋನ್. ಇವೆರಡೂ ಒಂದೆಡೆ ಸೇರಿದಾಗ ಸೋಲಿನ ಸಾಧ್ಯತೆ ಮೊದಲ ದಿನವೇ ಒಳಗೆ ಬಂದು ಕೂತಿರುತ್ತದೆ. ಆಟಗಾರನ ಕೌಶಲದ ಮಾತು ಆಮೇಲಿನದು.

ಮುಖ್ಯ ಉದಾಹರಣೆ: ಆರ್ಥರ್ ಮೆಲೊ, ಲಿವರ್‌ಪೂಲ್, 2022

ಈ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇದರಲ್ಲಿ ಎಲ್ಲ ಕಾರಣಗಳೂ ಒಟ್ಟಿಗೆ ಸಿಗುತ್ತವೆ.

2021-22ರಲ್ಲಿ ಲಿವರ್‌ಪೂಲ್ ಎಫ್‌ಎ ಕಪ್ ಮತ್ತು ಲೀಗ್ ಕಪ್ ಗೆದ್ದಿತ್ತು, ಪ್ರೀಮಿಯರ್ ಲೀಗ್‌ನಲ್ಲಿ 92 ಅಂಕ ಗಳಿಸಿತ್ತು, ಚಾಂಪಿಯನ್ಸ್ ಲೀಗ್ ಫೈನಲ್ ಆಡಿತ್ತು. ಮರು ಋತು ಶುರುವಾಗುತ್ತಿದ್ದಂತೆ ಮಿಡ್‌ಫೀಲ್ಡರ್‌ಗಳು ಒಬ್ಬರ ಹಿಂದೆ ಒಬ್ಬರು ಗಾಯಗೊಂಡರು. ಥಿಯಾಗೊ, ಕೀಟಾ, ಆಕ್ಸ್‌ಲೇಡ್-ಚೇಂಬರ್ಲೇನ್, ಕರ್ಟಿಸ್ ಜೋನ್ಸ್ ಆಗಲೇ ಹೊರಗಿದ್ದರು. ಆಗಸ್ಟ್ 31ರಂದು ನ್ಯೂಕಾಸಲ್ ಎದುರಿನ ಪಂದ್ಯದಲ್ಲಿ ನಾಯಕ ಹೆಂಡರ್ಸನ್ ತೊಡೆಯ ಹಿಂಭಾಗದ ಸ್ನಾಯು ನೋವಿನಿಂದ ಹೊರನಡೆದರು. ಮರುದಿನ, ಸೆಪ್ಟೆಂಬರ್ 1, ಟ್ರಾನ್ಸ್‌ಫರ್ ವಿಂಡೋದ (ಹೊಸ ಆಟಗಾರರನ್ನು ತರಲು ಅನುಮತಿ ಇರುವ ಅವಧಿಯ) ಕೊನೆಯ ದಿನ. ಅಂದೇ ಯುವೆಂಟಸ್‌ನಿಂದ ಆರ್ಥರ್ ಒಂದು ಋತುವಿನ ಲೋನ್ ಮೇಲೆ ಬಂದರು.

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯಾರು ಬೇಕು, ಯಾವ ಕೆಲಸಕ್ಕೆ ಬೇಕು ಎಂದು ತಿಂಗಳುಗಟ್ಟಲೆ ಹುಡುಕಿ ಮಾಡಿದ ಆಯ್ಕೆ ಹೀಗಿರುವುದಿಲ್ಲ. ಇರುವವರಲ್ಲಿ ಯಾರು ಸಿಗುತ್ತಾರೆ ಎಂದು ನೋಡಿ ಕರೆತಂದ ಆಯ್ಕೆ ಹೀಗಿರುತ್ತದೆ.

ಆರ್ಥರ್ ಸಾಮಾನ್ಯ ಆಟಗಾರರಲ್ಲ. ಗ್ರೆಮಿಯೊ ಪರ 2017ರ ಕೋಪಾ ಲಿಬರ್ಟಡೋರೆಸ್ ಗೆದ್ದವರು, ಬ್ರೆಜಿಲ್ ಪರ 2019ರ ಕೋಪಾ ಅಮೆರಿಕ ಗೆದ್ದವರು, ಬಾರ್ಸಿಲೋನಾದಲ್ಲಿ ಆಡಿದವರು. ಒತ್ತಡದ ನಡುವೆ ಚೆಂಡನ್ನು ಕಾಪಾಡುವುದು, ಬೆನ್ನ ಹಿಂದೆ ಎದುರಾಳಿ ಇದ್ದಾಗಲೂ ಸರಕ್ಕನೆ ತಿರುಗುವುದು, ಚಿಕ್ಕ ಪಾಸ್‌ಗಳಿಂದ ಆಟದ ವೇಗವನ್ನು ತನ್ನ ಹಿಡಿತಕ್ಕೆ ತಂದುಕೊಳ್ಳುವುದು ಅವರ ಶೈಲಿ. ಕೋಚ್ ಕ್ಲಾಪ್ ಅವರ ಲಿವರ್‌ಪೂಲ್‌ನಲ್ಲಿ ಮಿಡ್‌ಫೀಲ್ಡರ್‌ಗೆ ಇದ್ದ ಕೆಲಸ ಬೇರೆ. ಚೆಂಡು ಕೈತಪ್ಪಿದ ಕ್ಷಣವೇ ಮುಂದಕ್ಕೆ ನುಗ್ಗಿ ಒತ್ತಬೇಕು. ಬಲ ಬದಿಯ ಬ್ಯಾಕ್ ಅಲೆಕ್ಸಾಂಡರ್-ಆರ್ನಲ್ಡ್ ಮೇಲೆ ಹೋದಾಗ ಅವರು ಬಿಟ್ಟ ಜಾಗಕ್ಕೆ ಹೇಳದೆಯೇ ಓಡಿ ಬರಬೇಕು. ಹೆಂಡರ್ಸನ್ ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಅದು ಗೋಲು-ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್) ಪಟ್ಟಿಯಲ್ಲಿ ಕಾಣುವ ಕೆಲಸವಲ್ಲ.

ಸೆಪ್ಟೆಂಬರ್ 7ರಂದು ನೇಪಲ್ಸ್‌ನಲ್ಲಿ ನಾಪೊಲಿ ಎದುರು ಲಿವರ್‌ಪೂಲ್ 4-1ರಿಂದ ಸೋತಿತು. ಆರ್ಥರ್ ಕೊನೆಯ 13 ನಿಮಿಷ ಆಡಿದರು. ಹಿರಿಯರ ತಂಡದ ಪರ ಅವರು ಆಡಿದ್ದು ಅಷ್ಟೇ, ಇಡೀ ಋತುವಿನಲ್ಲಿ. ಮರುದಿನ ರಾಣಿ ಎಲಿಜಬೆತ್ ತೀರಿಕೊಂಡಿದ್ದರಿಂದ ಆ ವಾರಾಂತ್ಯದ ಪ್ರೀಮಿಯರ್ ಲೀಗ್ ಪಂದ್ಯಗಳು ಮುಂದೆ ಹೋದವು. ಹೊಸಬನನ್ನು ಒಂದಿಷ್ಟು ನಿಮಿಷ ಕಣಕ್ಕಿಳಿಸಿ ನೋಡುವ ಅವಕಾಶವೂ ಅದರೊಂದಿಗೆ ಹೋಯಿತು. ಪಂದ್ಯದ ಲಯಕ್ಕೆ ಮರಳಲೆಂದು ಅವರು 21 ವರ್ಷದೊಳಗಿನವರ ತಂಡದ ಜೊತೆ ಆಡಿದರು. ಅಕ್ಟೋಬರ್ ಆರಂಭದಲ್ಲಿ ತರಬೇತಿಯ ವೇಳೆ ತೊಡೆಯ ಸ್ನಾಯುವಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಚೇತರಿಸಿಕೊಂಡು ಬಂದ ಮೇಲೂ ಅವಕಾಶ ಸಿಗಲಿಲ್ಲ. ಲಿವರ್‌ಪೂಲ್ 67 ಅಂಕಗಳೊಂದಿಗೆ 5ನೇ ಸ್ಥಾನಕ್ಕೆ ಇಳಿದು ಚಾಂಪಿಯನ್ಸ್ ಲೀಗ್ ಅರ್ಹತೆ ಕಳೆದುಕೊಂಡಿತು.

ಗಾಯವೇ ಎಲ್ಲಕ್ಕೂ ಕಾರಣ ಎಂದು ಬರೆದುಕೊಂಡರೆ ಅರ್ಧ ಉತ್ತರ ಮಾತ್ರ ಸಿಕ್ಕಂತೆ. 2023ರ ಜನವರಿಯಲ್ಲಿ ಲಿವರ್‌ಪೂಲ್ ಮಿಡ್‌ಫೀಲ್ಡ್ ತತ್ತರಿಸುತ್ತಿದ್ದಾಗ ಕ್ಲಾಪ್ ಮೊದಲ ಹನ್ನೊಂದರಲ್ಲಿ ಆಡಿಸತೊಡಗಿದ್ದು 18 ವರ್ಷದ ಸ್ಟೆಫಾನ್ ಬಾಯ್ಚೆಟಿಚ್ ಅವರನ್ನು. ಕ್ಲಬ್‌ನ ಅಕಾಡೆಮಿಯ ಹುಡುಗ. ಅನುಭವದಲ್ಲಿ ಆರ್ಥರ್ ಎಲ್ಲಿ, ಈ ಹುಡುಗ ಎಲ್ಲಿ! ಆದರೂ ಹುಡುಗನಿಗೆ ಒಂದು ವಿಷಯ ಮೊದಲೇ ಗೊತ್ತಿತ್ತು: ಈ ತಂಡ ಯಾವಾಗ ಒತ್ತುತ್ತದೆ, ಯಾವಾಗ ಹಿಂದೆ ಸರಿಯುತ್ತದೆ. ಈ ಹೋಲಿಕೆಗೆ ಅಡಿಗೆರೆ ಹಾಕಿಕೊಳ್ಳಿ. ನನಗೆ ಈ ಪ್ರಕರಣದಲ್ಲಿ ಅತಿ ಮುಖ್ಯವಾಗಿ ಕಂಡದ್ದು ಇದೇ.

ಕೊಂಡ ಆಟಗಾರನಿಗೆ ಸಿಗುವ ಸಮಯ

ಫ್ಯಾಬಿನೊ 2018ರ ಬೇಸಿಗೆಯಲ್ಲಿ ಮೊನಾಕೊದಿಂದ ಇದೇ ಲಿವರ್‌ಪೂಲ್‌ಗೆ ಬಂದರು, ಲೋನ್ ಮೇಲಲ್ಲ, ಪೂರ್ತಿ ಖರೀದಿ. ಆದರೂ ಪ್ರೀಮಿಯರ್ ಲೀಗ್ ಪಂದ್ಯವೊಂದನ್ನು ಮೊದಲಿನಿಂದ ಆಡಲು ಅವರು ಅಕ್ಟೋಬರ್ 27ರವರೆಗೆ, ಕಾರ್ಡಿಫ್ ಎದುರಿನ ಪಂದ್ಯದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಬೆಂಚು, ತರಬೇತಿ, ಮತ್ತೆ ತರಬೇತಿ. ಅದೇ ಋತುವಿನ ಕೊನೆಗೆ ಅವರು ಚಾಂಪಿಯನ್ಸ್ ಲೀಗ್ ಗೆದ್ದ ತಂಡದ ಮಿಡ್‌ಫೀಲ್ಡ್‌ನ ಆಧಾರವಾಗಿದ್ದರು. ಅವರ ಮೊದಲ ಎರಡು ತಿಂಗಳನ್ನಷ್ಟೇ ನೋಡಿ ತೀರ್ಪು ಕೊಟ್ಟಿದ್ದರೆ ‘ವಿಫಲ ಖರೀದಿ’ ಎಂದೇ ಬರೆಯಬೇಕಾಗುತ್ತಿತ್ತು.

ಕೊಂಡ ಆಟಗಾರನಿಗಾಗಿ ಕ್ಲಬ್ ಕಾಯುತ್ತದೆ, ಏಕೆಂದರೆ ಅವನ ಮುಂದಿನ ನಾಲ್ಕೈದು ವರ್ಷ ಅದರ ಕೈಯಲ್ಲಿದೆ. ಎರವಲು ಆಟಗಾರನಿಗೆ ಕಲಿಸಿದ್ದು ಜೂನ್ ಬಂದರೆ ಇನ್ನೊಂದು ಕ್ಲಬ್‌ನ ಪಾಲಾಗುತ್ತದೆ. ಹಾಗಾಗಿ ಕೋಚ್ ಅವನಿಂದ ಮೊದಲ ವಾರವೇ ಫಲ ಕೇಳುತ್ತಾನೆ. ಸಿಗದಿದ್ದರೆ ತನ್ನದೇ ಆಟಗಾರರ ಕಡೆಗೆ ಮರಳುತ್ತಾನೆ. ಇದನ್ನು ಕ್ರೌರ್ಯ ಎನ್ನಲಾಗದು, ಕೋಚ್‌ನ ಲೆಕ್ಕಾಚಾರ ಸರಿಯಾಗಿಯೇ ಇದೆ.

ಮೈದಾನದ ಅಂಚಿನಲ್ಲಿ ಆಡುವ ವಿಂಗರ್‌ನ ವಿಷಯದಲ್ಲಿ ಇಷ್ಟು ಕಷ್ಟವಿಲ್ಲ. ಅವನಿಗೆ ಒಂದು ಕಡೆ ಗೆರೆ ಇದೆ, ಎದುರಿಗೆ ಒಬ್ಬ ಡಿಫೆಂಡರ್ ಇದ್ದಾನೆ. ಮಿಡ್‌ಫೀಲ್ಡರ್‌ನ ಸುತ್ತ ನಾಲ್ಕೂ ದಿಕ್ಕಿನಲ್ಲಿ ಆಟ ನಡೆಯುತ್ತದೆ. ಅವನು ಎರಡು ಗಜ ತಪ್ಪಾಗಿ ನಿಂತರೆ ಹಿಂದಿನ ಡಿಫೆಂಡರ್ ಬಯಲಾಗುತ್ತಾನೆ, ಪಕ್ಕದ ಜೊತೆಗಾರ ಎರಡು ಪಟ್ಟು ಓಡಬೇಕಾಗುತ್ತದೆ. ಹೊಸ ಮನೆಗೆ ಬಂದವನು ಕತ್ತಲಲ್ಲಿ ಸ್ವಿಚ್ ಹುಡುಕುವಂತೆ ಅವನು ಜೊತೆಗಾರರು ಎಲ್ಲಿದ್ದಾರೆಂದು ಹುಡುಕುತ್ತಾನೆ. ಹಳಬರಿಗೆ ಅದು ನೋಡದೆಯೇ ಗೊತ್ತಿರುತ್ತದೆ.

ಲೋನ್‌ಗೆ ಸಿಗುವವರು ಯಾರು?

ಇಲ್ಲಿ ಬಹಳ ಕಲಿಕಾರ್ಥಿಗಳು ಗಮನಿಸದ ಒಂದು ಅಂಶವಿದೆ. ತನ್ನ ಕ್ಲಬ್‌ನಲ್ಲಿ ವಾರ ವಾರ ಆಡುತ್ತಿರುವ ಮಿಡ್‌ಫೀಲ್ಡರ್ ಲೋನ್‌ಗೆ ಸಿಗುವುದಿಲ್ಲ. ಸಿಗುವವನು ಸಾಮಾನ್ಯವಾಗಿ ಬೆಂಚಿನಲ್ಲಿ ಕೂತವನು. ಅಂದರೆ ಪಂದ್ಯದ ಲಯ ತಪ್ಪಿದವನೇ ತುರ್ತು ಕೆಲಸಕ್ಕೆ ಬರುತ್ತಾನೆ.

ಕ್ಯಾಲ್ವಿನ್ ಫಿಲಿಪ್ಸ್ ಅವರನ್ನು ನೋಡಿ. ಲೀಡ್ಸ್‌ನ ಹೆಮ್ಮೆ, 2021ರ ಯೂರೋ ಫೈನಲ್ ಆಡಿದ ಇಂಗ್ಲೆಂಡ್ ತಂಡದವರು. 2022ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹೋದ ಮೇಲೆ ಒಂದೂವರೆ ಋತುವಿನಲ್ಲಿ ಅವರು ಲೀಗ್ ಪಂದ್ಯಗಳನ್ನು ಮೊದಲಿನಿಂದ ಆಡಿದ್ದು ಎರಡೇ ಬಾರಿ. 2024ರ ಜನವರಿಯಲ್ಲಿ ವೆಸ್ಟ್ ಹ್ಯಾಮ್ ಅವರನ್ನು ಲೋನ್ ಮೇಲೆ ಕರೆತಂದಿತು. ಫೆಬ್ರವರಿ 1ರಂದು ಬೋರ್ನ್‌ಮತ್ ಎದುರು ಮೊದಲ ಪಂದ್ಯ. ಮೂರನೇ ನಿಮಿಷದಲ್ಲೇ ಅವರ ತಪ್ಪು ಪಾಸ್‌ನಿಂದ ಸೊಲಂಕಿ ಗೋಲು ಹೊಡೆದರು. ಅದೇ ತಿಂಗಳು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಕೆಂಪು ಕಾರ್ಡ್ ಪಡೆದರು. ಮಾರ್ಚ್ 30ರಂದು ನ್ಯೂಕಾಸಲ್ ಎದುರು 3-1ರಿಂದ ಮುಂದಿದ್ದ ವೆಸ್ಟ್ ಹ್ಯಾಮ್ 4-3ರಿಂದ ಸೋತ ಪಂದ್ಯದಲ್ಲೂ ಅವರು ಪೆನಾಲ್ಟಿ ಬಿಟ್ಟುಕೊಟ್ಟರು. ಈ ಮೂರರಲ್ಲೂ ಕಾಣುವುದು ಒಂದೇ ಕೊರತೆ: ಚೆಂಡು ಬರುವ ಮೊದಲೇ ಸುತ್ತ ನೋಡಿ ನಿರ್ಧರಿಸುವ ವೇಗ. ಅದು ಪಂದ್ಯ ಆಡುತ್ತಿದ್ದರಷ್ಟೇ ಉಳಿಯುತ್ತದೆ, ತರಬೇತಿಯ ಮೈದಾನದಲ್ಲಿ ಪೂರ್ತಿ ಮರಳಿ ಬರುವುದಿಲ್ಲ. ಒಳ್ಳೆಯ ಆಟಗಾರನೊಬ್ಬ ಹೀಗೆ ಸಾರ್ವಜನಿಕವಾಗಿ ತತ್ತರಿಸುವುದನ್ನು ನೋಡುವುದು ನನಗೆ ನೋವಿನ ವಿಷಯ.

2014ರ ಜನವರಿ 31ರಂದು ಆರ್ಸೆನಲ್ ಕರೆತಂದ ಸ್ವೀಡನ್‌ನ ಕಿಮ್ ಶೆಲ್‌ಸ್ಟ್ರಮ್ ಬೆನ್ನಿನ ಗಾಯದೊಂದಿಗೇ ಬಂದಿದ್ದರು. ವಿಂಡೋ ಮುಚ್ಚುವ ಹೊತ್ತು, ಬೇರೆ ಆಟಗಾರನನ್ನು ಹುಡುಕಲು ವೇಳೆ ಇರಲಿಲ್ಲ. ಅವರು ಆಡಿದ್ದು ನಾಲ್ಕೇ ಪಂದ್ಯ. ಆದರೆ ಏಪ್ರಿಲ್ 12ರಂದು ವಿಗನ್ ಎದುರಿನ ಎಫ್‌ಎ ಕಪ್ ಸೆಮಿಫೈನಲ್ ಶೂಟೌಟ್‌ನಲ್ಲಿ ಅವರು ಪೆನಾಲ್ಟಿಯನ್ನು ಗೋಲಾಗಿಸಿದರು. ಮುಂದಿನ ತಿಂಗಳು ಆರ್ಸೆನಲ್ ಒಂಬತ್ತು ವರ್ಷಗಳ ಬರ ನೀಗಿಸಿ ಕಪ್ ಗೆದ್ದಿತು. ನಾಲ್ಕು ಪಂದ್ಯದ ಈ ಲೋನ್ ಸೋಲೋ ಗೆಲುವೋ? ಅಭಿಮಾನಿಯನ್ನು ಕೇಳಿದರೆ ಒಂದು ಉತ್ತರ, ಹಣಕಾಸಿನವರನ್ನು ಕೇಳಿದರೆ ಇನ್ನೊಂದು.

ಕೊಡುವ ಕ್ಲಬ್‌ನ ಲೆಕ್ಕ

ಇದನ್ನು ಅರ್ಥ ಮಾಡಿಕೊಳ್ಳದೆ ಲೋನ್‌ಗಳು ಅರ್ಥವಾಗುವುದಿಲ್ಲ. 2020ರಲ್ಲಿ ಯುವೆಂಟಸ್ ಆರ್ಥರ್ ಅವರನ್ನು 72 ದಶಲಕ್ಷ ಯೂರೋಗೆ ಐದು ವರ್ಷದ ಒಪ್ಪಂದದಲ್ಲಿ ಕೊಂಡಿತ್ತು. ಲೆಕ್ಕಪುಸ್ತಕದಲ್ಲಿ ಈ ಮೊತ್ತವನ್ನು ಒಪ್ಪಂದದ ವರ್ಷಗಳಿಗೆ ಹಂಚುತ್ತಾರೆ: ವರ್ಷಕ್ಕೆ 14.4 ದಶಲಕ್ಷ. ಸರಳವಾಗಿ ಲೆಕ್ಕ ಹಾಕಿದರೆ ಎರಡು ವರ್ಷದ ಬಳಿಕ ಉಳಿಯುವ ಮೌಲ್ಯ 43.2 ದಶಲಕ್ಷ. ಅದಕ್ಕಿಂತ ಕಡಿಮೆಗೆ ಮಾರಿದರೆ ಅಷ್ಟೂ ನಷ್ಟವೆಂದು ಬರೆಯಬೇಕು. ಒಂದು ವರ್ಷ ಲೋನ್ ಕೊಟ್ಟರೆ? ಶುಲ್ಕ ಬರುತ್ತದೆ, ಸಂಬಳದ ಭಾರ ಇಳಿಯುತ್ತದೆ, ಪುಸ್ತಕದ ಮೌಲ್ಯವೂ ತಾನಾಗಿ 28.8 ದಶಲಕ್ಷಕ್ಕೆ ಇಳಿಯುತ್ತದೆ. ಲಿವರ್‌ಪೂಲ್ ಕೊಟ್ಟ ಲೋನ್ ಶುಲ್ಕ 4.5 ದಶಲಕ್ಷ, ಆಮೇಲೆ ಬೇಕಿದ್ದರೆ ಕೊಳ್ಳುವ ಆಯ್ಕೆಯ ಬೆಲೆ 37.5 ದಶಲಕ್ಷ ಯೂರೋ. ಆ ಆಯ್ಕೆಯನ್ನು ಅದು ಬಳಸಲಿಲ್ಲ.

ಆಯ್ಕೆ ಇರುವ ಲೋನ್ ಬೇರೆ, ಖರೀದಿ ಕಡ್ಡಾಯವಾದ ಲೋನ್ ಬೇರೆ. ಎರಡನೆಯದು ಹಣ ಮುಂದೂಡಿದ ಖರೀದಿ ಅಷ್ಟೇ, ಅಲ್ಲಿ ಕ್ಲಬ್ ಆಟಗಾರನನ್ನು ತನ್ನವನಂತೆ ಬೆಳೆಸುತ್ತದೆ. ಯಾವುದೇ ಲೋನ್ ಬಗ್ಗೆ ಓದುವಾಗ ಮೊದಲು ಇದನ್ನು ಗುರುತಿಸಿ.

ನಿಯಮದ ಕಡೆ ಹೆಚ್ಚು ನಿಲ್ಲಬೇಕಿಲ್ಲ. 2022ರ ಜುಲೈನಿಂದ ಫಿಫಾ ಅಂತರರಾಷ್ಟ್ರೀಯ ಲೋನ್‌ಗಳಿಗೆ ಮಿತಿ ತಂದಿತು. ಒಂದು ಕ್ಲಬ್ ಕೊಡುವುದು 8, ಪಡೆಯುವುದು 8 ಎಂದು ಆರಂಭವಾಗಿ, 2024ರ ಜುಲೈಗೆ ಅದು 6ಕ್ಕೆ ಇಳಿಯಿತು. 21 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು, ಕ್ಲಬ್ಬೇ ಬೆಳೆಸಿದವರು ಈ ಲೆಕ್ಕಕ್ಕೆ ಬರುವುದಿಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಎರವಲು ಆಟಗಾರ ತನ್ನ ಮೂಲ ಕ್ಲಬ್ ಎದುರು ಆಡುವಂತಿಲ್ಲ.

ಅಂಕಿಅಂಶಗಳ ಬಲೆ

ಮಟೇಯೊ ಕೊವಾಚಿಚ್ 2018-19ರಲ್ಲಿ ರಿಯಲ್ ಮ್ಯಾಡ್ರಿಡ್‌ನಿಂದ ಚೆಲ್ಸಿಗೆ ಲೋನ್ ಮೇಲೆ ಬಂದರು. ಇಡೀ ಋತುವಿನಲ್ಲಿ ಒಂದು ಗೋಲೂ ಇಲ್ಲ. ಗೋಲಿನ ಪಟ್ಟಿ ಮಾತ್ರ ನೋಡಿದವರು ಅವರನ್ನು ಸಪ್ಪೆ ಆಟಗಾರರ ಸಾಲಿಗೇ ಸೇರಿಸುತ್ತಾರೆ. ಆದರೆ ಚೆಂಡನ್ನು ಕಾಲಲ್ಲಿ ಒಯ್ದು ಎದುರಾಳಿಗಳ ಒಂದು ಸಾಲನ್ನೇ ದಾಟಿಸುವ ಅವರ ಕೆಲಸವನ್ನು ಕ್ಲಬ್ ಗುರುತಿಸಿತ್ತು. ಹೊಸ ಆಟಗಾರರನ್ನು ನೋಂದಾಯಿಸದಂತೆ ಕ್ಲಬ್ ಮೇಲಿದ್ದ ವರ್ಗಾವಣೆ ನಿಷೇಧದ ನಡುವೆಯೂ, ಆಗಲೇ ನೋಂದಣಿಯಾಗಿದ್ದ ಕಾರಣ, 2019ರಲ್ಲಿ ಅವರನ್ನು ಕೊಂಡಿತು. ಅದೇ ಚೆಲ್ಸಿ 2021ರ ವಿಂಡೋದ ಕೊನೆಯ ದಿನ ಅಟ್ಲೆಟಿಕೊದಿಂದ ಸಾವುಲ್ ಅವರನ್ನು ಎರವಲು ತಂದಿತು. ಆಸ್ಟನ್ ವಿಲ್ಲಾ ಎದುರಿನ ಮೊದಲ ಪಂದ್ಯದಲ್ಲೇ ಅವರನ್ನು ಅರ್ಧ ಸಮಯಕ್ಕೆ ಹೊರಗೆ ಕರೆಯಲಾಯಿತು. ಜಾರ್ಜಿನೊ, ಕಾಂಟೆ, ಕೊವಾಚಿಚ್ ಇದ್ದ ಮಿಡ್‌ಫೀಲ್ಡ್‌ನಲ್ಲಿ ಮತ್ತೆ ನೆಲೆಯೂರಲು ಅವರಿಗೆ ಆಗಲೇ ಇಲ್ಲ.

ಹಾಗಾದರೆ ಋತುವಿನ ನಡುವೆ ಬಂದ ಎಲ್ಲರೂ ಸೋಲಬೇಕಲ್ಲ? ಮಾರ್ಟಿನ್ ಓಡೆಗಾರ್ಡ್ ಸೋಲಲಿಲ್ಲ. 2021ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್‌ನಿಂದ ಆರ್ಸೆನಲ್‌ಗೆ ಲೋನ್ ಮೇಲೆ ಬಂದರು, ಆಗಸ್ಟ್‌ನಲ್ಲಿ ಅಲ್ಲಿಯವರೇ ಆದರು, 2022ರಲ್ಲಿ ನಾಯಕರಾದರು. ಅವರೂ ಬೆಂಚಿನಿಂದಲೇ ಬಂದವರು. ವ್ಯತ್ಯಾಸ ಇರುವುದು ಕೆಲಸದಲ್ಲಿ. ಆರ್ಸೆನಲ್‌ನಲ್ಲಿ ಸ್ಟ್ರೈಕರ್ ಹಿಂದೆ ನಿಂತು ಆಟ ಕಟ್ಟುವವರ ಕೊರತೆ ಇತ್ತು, ಓಡೆಗಾರ್ಡ್ ಬಾಲ್ಯದಿಂದ ಆಡಿದ್ದೇ ಆ ಆಟ. ಮೈದಾನದಲ್ಲಿ ಮೇಲೆ ನಿಂತು ಆಡುವವನ ತಪ್ಪನ್ನು ಹಿಂದಿರುವವರು ಸರಿಪಡಿಸಬಹುದು. ಡಿಫೆಂಡರ್‌ಗಳ ಮುಂದೆ ನಿಂತು ಆಡುವವನ ತಪ್ಪು ನೇರ ಗೋಲಾಗುತ್ತದೆ. ಫಿಲಿಪ್ಸ್ ಅವರಿಗೂ ಓಡೆಗಾರ್ಡ್ ಅವರಿಗೂ ಸಿಕ್ಕ ಸ್ವಾಗತದ ಅಂತರದಲ್ಲಿ ಈ ಜಾಗದ ಪಾತ್ರ ದೊಡ್ಡದು.

ಅಭ್ಯಾಸಕ್ಕೆ

ಸೋಫಿಯಾನ್ ಅಮ್ರಬಾತ್ ಅವರ 2023-24ರ ಋತುವನ್ನು ಆರಿಸಿಕೊಳ್ಳಿ. 2022ರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿದ ಮೊರಾಕೊ ತಂಡದ ಮಿಡ್‌ಫೀಲ್ಡರ್. ಫಿಯೊರೆಂಟಿನಾದಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಲೋನ್ ಮೇಲೆ ಬಂದಾಗ ಡಿಫೆಂಡರ್‌ಗಳ ಗಾಯದಿಂದಾಗಿ ಅವರನ್ನು ಮೊದಲು ಎಡ ಬ್ಯಾಕ್ ಜಾಗದಲ್ಲಿ ಆಡಿಸಲಾಯಿತು. 2023ರ ಸೆಪ್ಟೆಂಬರ್ 26ರ ಲೀಗ್ ಕಪ್‌ನ ಕ್ರಿಸ್ಟಲ್ ಪ್ಯಾಲೆಸ್ ಪಂದ್ಯ ಒಂದು, ಸಿಟಿ ಎದುರು ಯುನೈಟೆಡ್ 2-1ರಿಂದ ಗೆದ್ದ 2024ರ ಮೇ 25ರ ಎಫ್‌ಎ ಕಪ್ ಫೈನಲ್ ಇನ್ನೊಂದು. ಎರಡರಲ್ಲೂ ಅವರೊಬ್ಬರನ್ನೇ ಹಿಂಬಾಲಿಸಿ ನೋಡಿ. ಚೆಂಡು ಅವರ ಬಳಿ ಇಲ್ಲದಾಗ ಎಲ್ಲಿ ನಿಲ್ಲುತ್ತಾರೆ, ಚೆಂಡು ಬರುವ ಮುನ್ನ ಎಷ್ಟು ಸಲ ತಲೆ ತಿರುಗಿಸಿ ನೋಡುತ್ತಾರೆ, ಜೊತೆಯ ಮಿಡ್‌ಫೀಲ್ಡರ್ ಮುಂದೆ ಹೋದಾಗ ಹಿಂದೆ ಉಳಿಯುತ್ತಾರೋ ಇಲ್ಲವೋ ಎಂದು ಬರೆದಿಟ್ಟುಕೊಳ್ಳಿ. ಆ ಫೈನಲ್‌ನಲ್ಲಿ ಚೆನ್ನಾಗಿ ಆಡಿದ ಮೇಲೂ ಯುನೈಟೆಡ್ ಅವರನ್ನು ಉಳಿಸಿಕೊಳ್ಳಲಿಲ್ಲ, ಅವರು ಫೆನರ್‌ಬಾಚೆಗೆ ಹೋದರು. ಕ್ಲಬ್‌ನ ನಿರ್ಧಾರ ಸರಿಯೇ ಎಂಬುದನ್ನು ನಿಮ್ಮ ಟಿಪ್ಪಣಿಯ ಆಧಾರದ ಮೇಲೆ ವಾದಿಸಿ ಬರೆಯಿರಿ, ಗೋಲು ಮತ್ತು ಅಸಿಸ್ಟ್‌ಗಳ ಮಾತೆತ್ತದೆ.