ಪದ ಪರಿಚಯ: ಪ್ರೊ ಬೋನೊ

ಈ ಪದವನ್ನು ಮೊದಲ ಸಲ ಕೇಳಿದಾಗ ಕನ್ನಡದ ಕಿವಿಗೆ ನೆನಪಾಗುವುದು ಇಲಿಬೋನು. ಆ ಬೋನಿಗೂ ಈ ಬೋನೊಗೂ ನಂಟಿಲ್ಲ. (ನಂಟಿದೆ ಅನ್ನಿಸುವ ಸಂದರ್ಭವೂ ಬರುತ್ತದೆ, ಅದನ್ನು ಆಮೇಲೆ ನೋಡೋಣ.) ಇದು ಲ್ಯಾಟಿನ್ ಭಾಷೆಯ ‘ಪ್ರೊ ಬೋನೊ ಪಬ್ಲಿಕೊ’ ಎಂಬುದರ ಮೊಟಕು ರೂಪ. ಬೋನೊ ಎಂದರೆ ಒಳಿತು, ಪ್ರೊ ಎಂದರೆ ‘ಗಾಗಿ’. ಇಡಿಯಾಗಿ ಓದಿದರೆ ‘ಸಾರ್ವಜನಿಕರ ಒಳಿತಿಗಾಗಿ’. ಸಂಬಳದ ಮೇಲೆ ಸಿಗುವ ಬೋನಸ್ ಕೂಡ ಇದೇ ಬೇರಿನ ಪದ. ಒಂದು ಕವಲಿನಲ್ಲಿ ಹೆಚ್ಚುವರಿ ದುಡ್ಡು, ಇನ್ನೊಂದರಲ್ಲಿ ದುಡ್ಡೇ ಇಲ್ಲ!

ಆ ಮೂರು ಪದಗಳಲ್ಲಿ ಎಲ್ಲೂ ‘ಉಚಿತ’ ಎಂಬ ಮಾತಿಲ್ಲ, ಗಮನಿಸಿ. ಬೇರೆಯವರಾದರೆ ಶುಲ್ಕ ಕೊಟ್ಟು ಪಡೆಯುವ ವೃತ್ತಿಯ ಕೆಲಸವನ್ನು, ಶುಲ್ಕ ಕೊಡಲಾಗದವರಿಗೆ ಅದೇ ಶ್ರದ್ಧೆಯಿಂದ ಹಣ ಪಡೆಯದೆ ಮಾಡಿಕೊಡುವುದು ಪ್ರೊ ಬೋನೊ. ವಕೀಲರೊಬ್ಬರು ರಜೆಯ ದಿನ ಗಿಡ ನೆಟ್ಟರೆ ಅದು ಸ್ವಯಂಸೇವೆ. ಮನೆ ಕಳೆದುಕೊಳ್ಳಲಿರುವ ಬಡ ಬಾಡಿಗೆದಾರರ ಪರವಾಗಿ ಅವರು ಫೀಸಿಲ್ಲದೆ ವಾದಿಸಿದರೆ ಪ್ರೊ ಬೋನೊ. ಗಿಡ ನೆಡುವುದು ಕಡಿಮೆ ಎಂದಲ್ಲ, ಗಿಡವನ್ನು ಯಾರು ಬೇಕಾದರೂ ನೆಡಬಹುದು.

ಪದ ಬೆಳೆದದ್ದೂ ವಕೀಲರ ನಡುವೆಯೇ. ಅಮೆರಿಕದ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 6.1, ಪ್ರತಿ ವಕೀಲರೂ ವರ್ಷಕ್ಕೆ ಕನಿಷ್ಠ 50 ಗಂಟೆ ಹೀಗೆ ಕೆಲಸ ಮಾಡಲಿ ಎನ್ನುತ್ತದೆ. ಅದು ಆಶಯ ಮಾತ್ರ, ಮಾಡದಿದ್ದವರಿಗೆ ಶಿಕ್ಷೆಯಿಲ್ಲ. ನ್ಯೂಯಾರ್ಕ್ ರಾಜ್ಯ ಒಂದು ಹೆಜ್ಜೆ ಮುಂದೆ ಹೋಯಿತು. 2015ರಿಂದ ಅಲ್ಲಿ ವಕೀಲರಾಗಿ ನೋಂದಾಯಿಸಿಕೊಳ್ಳಲು ಬರುವ ಹೊಸಬರು ಅದಕ್ಕೂ ಮೊದಲೇ 50 ಗಂಟೆಯ ಪ್ರೊ ಬೋನೊ ಕೆಲಸ ಮುಗಿಸಿರಬೇಕು. ಕೆಲಸ ಕಾನೂನಿಗೆ ಸಂಬಂಧಿಸಿದ್ದೇ ಆಗಿರಬೇಕು, ಮೇಲೆ ನೋಡಿಕೊಳ್ಳುವವರೊಬ್ಬರು ಇರಬೇಕು. ಅಂದರೆ ಓದುತ್ತಿರುವಾಗಲೇ ಮಾಡಬಹುದು. ಕಾನೂನಿನ ಆಚೆಗೂ ಪದ ಹರಡಿತು. 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಟ್ಯಾಪ್‌ರೂಟ್ ಫೌಂಡೇಷನ್ ವಿನ್ಯಾಸ, ಮಾರ್ಕೆಟಿಂಗ್, ತಂತ್ರಜ್ಞಾನದ ವೃತ್ತಿಪರರನ್ನು ಸೇವಾಸಂಸ್ಥೆಗಳಿಗೆ ಜೋಡಿಸತೊಡಗಿತು.

ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ ಒಂದು ತಕರಾರು ಏಳುತ್ತದೆ, ಅದು ನ್ಯಾಯವಾದದ್ದೇ. ಇನ್ನೂ ಕಲಿಯುತ್ತಿರುವವರ ಹತ್ತಿರ ಕೊಡಲು ವೃತ್ತಿಕೌಶಲ ಎಲ್ಲಿಂದ ಬರಬೇಕು? ಕೈ ಪಳಗಿಸಿಕೊಳ್ಳಲು ಬಡವರ ಕೆಲಸವೇ ಬೇಕಿತ್ತೇ? ನನಗೆ ತಿಳಿದಂತೆ ಇದಕ್ಕಿರುವ ಉತ್ತರ ಎರಡೇ: ಕೆಲಸ ಚಿಕ್ಕದಿರಬೇಕು, ಪಳಗಿದ ಕಣ್ಣೊಂದು ಅದನ್ನು ತಿದ್ದಬೇಕು. ಪರವಾನಗಿ ಬೇಕಾದ ಕೆಲಸಗಳಲ್ಲಂತೂ ವಿದ್ಯಾರ್ಥಿ ತಾನೇ ಸಹಿ ಹಾಕುವ ಮಾತೇ ಇಲ್ಲ.

ಹತ್ತಿರದಿಂದ ನೋಡಿದ ಒಂದು ತಂಡದ ಕತೆ ಹೇಳುತ್ತೇನೆ. ವಾಣಿಜ್ಯ ಓದುತ್ತಿದ್ದ ಮೂವರಿಗೆ, ಮಕ್ಕಳಿಗಾಗಿ ನಡೆಯುತ್ತಿದ್ದ ಪುಟ್ಟ ವಾಚನಾಲಯದ ದೇಣಿಗೆ ಲೆಕ್ಕವನ್ನು ನೋಟುಪುಸ್ತಕದಿಂದ ಕಂಪ್ಯೂಟರಿಗೆ ತರುವ ಕೆಲಸ ಸಿಕ್ಕಿತು. ವಾರದೊಳಗೆ 22 ಕಾಲಂಗಳ ಬಣ್ಣಬಣ್ಣದ ಶೀಟ್ ತಯಾರು, ಪಕ್ಕದಲ್ಲಿ ಗ್ರಾಫ್ ಬೇರೆ. ಹದಿನೈದು ದಿನ ಬಿಟ್ಟು ಹೋಗಿ ನೋಡಿದರೆ ಶೀಟಿನಲ್ಲಿದ್ದದ್ದು ಒಂದೇ ಸಾಲು, ಅದೂ ಅರ್ಧಕ್ಕೆ ನಿಂತಿತ್ತು. ‘ದಾನಿಯ ವರ್ಗ’ ಎಂಬ ಕಾಲಮಿನ ಮುಂದೆ ವಾಚನಾಲಯದ ಮೇಡಂ ಏನು ಬರೆಯಬೇಕೋ ತಿಳಿಯದೆ ನೋಟುಪುಸ್ತಕಕ್ಕೇ ಮರಳಿದ್ದರು. ಆಗ ಮೂವರೂ ಆ ಪುಸ್ತಕವನ್ನು ಮೊದಲ ಬಾರಿಗೆ ಕೂತು ಓದಿದರು. ಅದರಲ್ಲಿದ್ದದ್ದು ತಾರೀಕು, ಹೆಸರು, ಮೊತ್ತ, ರಸೀದಿ ಸಂಖ್ಯೆ, ಯಾವುದಕ್ಕೆ ಕೊಟ್ಟದ್ದು. ಅಷ್ಟೇ. ಉಳಿದ 17 ಕಾಲಂ ಅಳಿಸಿದರು. ಅಳಿಸಲು ಹತ್ತು ನಿಮಿಷ ಹಿಡಿಯಿತು, ಅಳಿಸಬೇಕೆಂದು ಒಪ್ಪಿಕೊಳ್ಳಲು ಒಂದು ಸಂಜೆ.

ತರಗತಿಯ ಪ್ರಾಜೆಕ್ಟ್ ಆಗಿದ್ದರೆ ಆ 22 ಕಾಲಮಿಗೆ ಒಳ್ಳೆಯ ಅಂಕ ಬರುತ್ತಿತ್ತು. ಬಳಸುವವರು ಎದುರಿಗೆ ಕೂತಾಗ ಮಾತ್ರ ಕಲಿಯಬಹುದಾದದ್ದು ಇದು. ರೆಸ್ಯೂಮೆಯಲ್ಲಿ ‘ಸಮಾಜಸೇವೆ ಮಾಡಿದ್ದೇನೆ’ ಎಂದು ಬರೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ‘ವಾಚನಾಲಯವೊಂದರ ದೇಣಿಗೆ ಲೆಕ್ಕವನ್ನು 5 ಕಾಲಮಿಗೆ ಇಳಿಸಿದೆವು, ಈಗಲೂ ಬಳಕೆಯಲ್ಲಿದೆ’ ಎಂದರೆ ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಬಹುದು.

ಇನ್ನು ಇಲಿಬೋನಿನ ವಿಷಯ. ಬೆರಳು ತೋರಿಸಿದರೆ ಹಸ್ತ ನುಂಗುವವರು ಸೇವಾಕ್ಷೇತ್ರದಲ್ಲೂ ಇದ್ದಾರೆ. ಪೋಸ್ಟರ್ ಮಾಡಿಕೊಡಲು ಹೋದವರ ತಲೆಗೆ ವೆಬ್‌ಸೈಟ್, ವಿಡಿಯೊ, ಫೋಟೊ ಎಲ್ಲವೂ ಬಂದು ಕೂರುತ್ತವೆ, ಪರೀಕ್ಷೆ ಹತ್ತಿರ ಬಂದಾಗ ಅವರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಇಬ್ಬರಿಗೂ ಬೇಸರ. ಏನು ಮಾಡಿಕೊಡುತ್ತೇವೆ, ಎಷ್ಟು ಸಲ ತಿದ್ದುತ್ತೇವೆ, ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಅರ್ಧ ಪುಟ ಬರೆದುಕೊಂಡರೆ ಇದು ತಪ್ಪುತ್ತದೆ. ಕೆಲವು ವೃತ್ತಿಪರರು ಪೂರ್ತಿ ಬಿಲ್ ಬರೆದು, ಕೊನೆಯ ಸಾಲಿನಲ್ಲಿ ಅಷ್ಟೂ ಮೊತ್ತವನ್ನು ರಿಯಾಯಿತಿ ಎಂದು ಕಳೆದು, ಸೊನ್ನೆ ತೋರಿಸಿ ಕಳಿಸುತ್ತಾರೆ. ನನಗೆ ಈ ಪದ್ಧತಿ ಬಹಳ ಇಷ್ಟ. ಪಡೆದದ್ದರ ಬೆಲೆ ಪಡೆದವರಿಗೂ ಗೊತ್ತಾಗುತ್ತದೆ.

ಲಾಭಕ್ಕಾಗಿ ನಡೆಯುವ ಕಂಪನಿ ‘ದುಡ್ಡಿಲ್ಲ, ಅನುಭವ ಸಿಗುತ್ತದೆ’ ಎಂದು ಕೆಲಸ ತೆಗೆದುಕೊಂಡರೆ ಅದಕ್ಕೆ ಲ್ಯಾಟಿನ್ ಹೆಸರು ಬೇಡ. ಬಿಟ್ಟಿ ಚಾಕರಿ ಎಂಬ ಕನ್ನಡದ ಮಾತೇ ಸಾಕು.

ಕೆಲಸ ಒಪ್ಪಿಸುವುದೂ ಕೆಲಸದ ಭಾಗವೇ, ಹೆಚ್ಚಿನವರು ಎಡವುವುದು ಇಲ್ಲೇ. ಆ ಮೂವರ ಶೀಟ್ ಇದ್ದದ್ದು ಕಾಲೇಜು ಕೊಟ್ಟ ಇಮೇಲ್ ಖಾತೆಯಲ್ಲಿ. ಕೋರ್ಸ್ ಮುಗಿದರೆ ಖಾತೆಯೂ ಮುಚ್ಚುತ್ತದೆ, ಲೆಕ್ಕವೂ ಅದರೊಂದಿಗೆ ಹೋಗುತ್ತದೆ. ಕೊನೆಯ ವಾರ ಅವರ ಮೇಷ್ಟ್ರು ಇದನ್ನು ಗಮನಿಸಿ, ವಾಚನಾಲಯದ ಹೆಸರಿನಲ್ಲೇ ಹೊಸ ಖಾತೆ ತೆರೆಸಿ ಶೀಟನ್ನು ಅದಕ್ಕೆ ವರ್ಗಾಯಿಸಿದರು. ಮೇಡಂ ಪಾಸ್‌ವರ್ಡನ್ನು ತಾವೇ ಆರಿಸಿಕೊಂಡು, ಮರೆಯಬಾರದೆಂದು ಆ ಹಳೆಯ ನೋಟುಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟರು.