ಅಜ್ಜಿ ಹಾಡಿದ ಸೋಬಾನೆ ಪದ ಯಾರದು?

ಹಾಸನದ ಕೋರ್ಟಿನಲ್ಲಿ ನನ್ನ ಕೈಗೆ ಬರುವುದು ಪಾಲಿನ ದಾವೆಗಳೇ ಜಾಸ್ತಿ. ಈಚೆಗೆ ಮೊಬೈಲ್ ತೋರಿಸಿ ಸಲಹೆ ಕೇಳುವವರೂ ಬರುತ್ತಿದ್ದಾರೆ. ಆಲೂರು ಕಡೆಯ ಹುಡುಗಿಯೊಬ್ಬಳು, ಮದುವೆಮನೆಯಲ್ಲಿ ಅಜ್ಜಿ ಹೇಳಿದ ಸೋಬಾನೆ ಪದದ ವಿಡಿಯೊವನ್ನು ಜಾಲತಾಣದಲ್ಲಿ ಹಾಕಿದ್ದಳು. ಹಾಡು ನಮ್ಮದು ಅಂತ ಆಡಿಯೊ ಕಂಪನಿಯೊಂದರ ಹೆಸರಿನಲ್ಲಿ ತಕರಾರು ಬಂತು. “ಮೇಡಂ, ನಮ್ಮಜ್ಜಿಗೆ ಇದನ್ನ ಅವರಮ್ಮ ಕಲಿಸಿದ್ದು. ಕಂಪನಿಯದು ಹೇಗಾಗುತ್ತೆ?” ಅಂತ ಕೇಳಿದಳು.

ಆಗುವುದಿಲ್ಲ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಪದ ಎಲ್ಲರದು. ಅದನ್ನು ಕಂಪನಿ ಸ್ಟುಡಿಯೊದಲ್ಲಿ ಹಾಡಿಸಿದರೆ ಆ ರೆಕಾರ್ಡಿಂಗ್ ಮೇಲೆ 60 ವರ್ಷ ಹಕ್ಕಿರುತ್ತದೆ, ಮೂಲ ಪದದ ಮೇಲಲ್ಲ. ಆದರೆ ದೊಡ್ಡ ತಾಣಗಳಲ್ಲಿ ಇಂಥ ತಕರಾರು ಎತ್ತುವುದು ಹೆಚ್ಚಾಗಿ ಯಂತ್ರ, ಅಂದರೆ ಹಾಡುಗಳನ್ನು ಹೋಲಿಸಿ ನೋಡುವ ತಂತ್ರಾಂಶ. ಕಂಪನಿ ಕೊಟ್ಟ ಹಾಡಿಗೆ ಹೋಲಿಕೆ ಕಂಡರೆ ಅದಕ್ಕೆ ಸಾಕು.

ನಮ್ಮ ಕಾನೂನು ಇದಕ್ಕಿಂತ ನ್ಯಾಯವಾಗಿದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52ನೇ ಸೆಕ್ಷನ್ ಮತ್ತು 2013ರ ನಿಯಮಗಳ ಪ್ರಕಾರ ದೂರು ಲಿಖಿತವಾಗಿರಬೇಕು, ಹಕ್ಕು ಹೇಗೆ ತಮ್ಮದು ಎಂಬ ವಿವರ ಇರಬೇಕು. ದೂರು ಸರಿ ಅನ್ನಿಸಿದರೆ ತಾಣದವರು 36 ಗಂಟೆಯೊಳಗೆ ವಿಡಿಯೊ ತಡೆಯಬೇಕು. 21 ದಿನದೊಳಗೆ ಕೋರ್ಟಿನ ಆದೇಶ ಬಾರದಿದ್ದರೆ ಮತ್ತೆ ತೋರಿಸಬಹುದು. ಆಧಾರವಿಲ್ಲದೆ ಕೇಸಿನ ಬೆದರಿಕೆ ಹಾಕಿದವರ ಮೇಲೆ 60ನೇ ಸೆಕ್ಷನ್ ಅಡಿ ನಾವೇ ದಾವೆ ಹೂಡಬಹುದು.

ಯಂತ್ರದ ತಕರಾರು ಈ ದಾರಿಯಲ್ಲಿ ಬರುವುದೇ ಇಲ್ಲ. ಖಾತೆ ತೆರೆಯುವಾಗ ನಾವು ಓದದೆ ಒಪ್ಪಿದ ಷರತ್ತುಗಳ ಬಲದಿಂದ ಬರುತ್ತದೆ. ನನಗೆ ಸಂಕಟ ಆಗುವುದು ಇಲ್ಲೇ. 1993ರ ಏಪ್ರಿಲ್ 30ರಂದು ಯುರೋಪಿನ ಸರ್ನ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆ ತನ್ನಲ್ಲಿ ಹುಟ್ಟಿದ ವೆಬ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಅದರ ಮೇಲೆ ಬೆಳೆದ ಕಂಪನಿಗಳು ಇವತ್ತು ಅಜ್ಜಿಯ ಪದಕ್ಕೂ ಬೇಲಿ ಹಾಕಲು ಬಿಡುತ್ತಿವೆ. ಊರವರ ಗೋಮಾಳಕ್ಕೆ ಹೀಗೆ ಯಾರಾದರೂ ಬೇಲಿ ಹಾಕಿದರೆ ಸುಮ್ನೆ ಇರುತ್ತೇವಾ?

ತಕರಾರು ಬಂದರೆ ಹೆದರಿ ವಿಡಿಯೊ ಅಳಿಸಬೇಡಿ. ಇದು ಜನಪದ, ಹಾಡಿದವರು ಇಂಥವರು, ಇಂಥ ದಿನ ನಾವೇ ರೆಕಾರ್ಡ್ ಮಾಡಿದ್ದು ಅಂತ ಉತ್ತರ ಬರೆಯಿರಿ. ಮೂಲ ಫೈಲ್ ಮನೆಯಲ್ಲಿರಲಿ. ಇನ್ನೊಂದು ಪ್ರತಿಯನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ, ಎಲ್ಲರೂ ಬಳಸಬಹುದಾದ ಚಿತ್ರ, ವಿಡಿಯೊಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಹೆಸರು ಹೇಳಿ ಬಳಸಿ, ಬದಲಿಸಿದ್ದನ್ನೂ ಹೀಗೇ ಹಂಚಿ ಎನ್ನುವ ಪರವಾನಗಿ ಅಲ್ಲಿ ಸಿಗುತ್ತದೆ.

ಅದಕ್ಕೂ ಮೊದಲು ಅಜ್ಜಿಯನ್ನು ಕೇಳಿ. ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷ ಹಕ್ಕಿದೆ, ಮೊಮ್ಮಗಳೇ ಆದರೂ ಒಪ್ಪಿಗೆ ಬೇಕು. ಯಾರು ಬೇಕಾದರೂ ಈ ವಿಡಿಯೊ ಬಳಸಬಹುದು, ಅದರಿಂದ ದುಡ್ಡೂ ಮಾಡಬಹುದು ಅಂತ ಬಿಡಿಸಿ ಹೇಳಿ. ಓದು ಬಾರದಿದ್ದರೆ ಒಪ್ಪಿಗೆ ಪತ್ರ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ.