ಮಡಿಲಿನಿಂದ ಸೀಟಿಗೆ: ಕಾರಿನಲ್ಲಿ ಮಕ್ಕಳು ಕೂರುವ ಕಥೆ

ಹೆಬ್ಬಾಳ ಫ್ಲೈಓವರ್ ದಾಟಿ ಏರ್‌ಪೋರ್ಟ್ ರಸ್ತೆ ಹಿಡಿಯುವ ಕಾರುಗಳಲ್ಲಿ ಈಗಲೂ ಕಾಣುವ ನೋಟವಿದು: ಮುಂದಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ಕೂಸು. ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು ಎಂಬ ನಂಬಿಕೆ. ಆದರೆ ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕೆ.ಜಿ. ತೂಕದ ಮಗುವನ್ನು ತಡೆಯಲು 140 ಕೆ.ಜಿ. ಎತ್ತುವಷ್ಟು ಬಲ ಬೇಕು. ಯಾವ ತೋಳಿಗೂ ಅದು ಆಗದ ಮಾತು. ಮೇಲಾಗಿ ಏರ್‌ಬ್ಯಾಗ್ ಸಿಡಿದರೆ ಅದರ ಪೆಟ್ಟು ಬೀಳುವುದೂ ಮಗುವಿಗೇ.

1930ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಮಕ್ಕಳ ಸೀಟುಗಳಿಗೆ ಸುರಕ್ಷತೆಯ ಯೋಚನೆಯೇ ಇರಲಿಲ್ಲ. ಮಗು ಕಿಟಕಿಯೆತ್ತರಕ್ಕೆ ಕೂತು ತೆಪ್ಪಗಿದ್ದರೆ ಸಾಕಿತ್ತು. ಮಗುವನ್ನೇ ಹಿಂದಕ್ಕೆ ತಿರುಗಿಸಿದ್ದು 1960ರ ದಶಕದಲ್ಲಿ, ಸ್ವೀಡನ್ನಿನ ಸಂಶೋಧಕ ಬರ್ಟಿಲ್ ಆಲ್ಡ್‌ಮನ್. ಗಗನಯಾತ್ರಿಗಳು ರಾಕೆಟ್ಟಿನ ಒತ್ತಡವನ್ನು ಬೆನ್ನಿನ ಮೇಲೆ ಹೊರುವ ರೀತಿಯೇ ಅವರಿಗೆ ದಾರಿ ತೋರಿತು. ಕೂಸಿನ ತಲೆ ದೊಡ್ಡದು, ಕತ್ತಿನ ಮೂಳೆ ಇನ್ನೂ ಎಳಸು. ಮುಂದಕ್ಕೆ ಮುಖ ಮಾಡಿ ಕೂತಿದ್ದರೆ ಹೊಡೆತವೆಲ್ಲ ಕತ್ತಿನ ಮೇಲೆ. ಹಿಂದಕ್ಕೆ ಮುಖ ಮಾಡಿದ್ದರೆ ಅದೇ ಹೊಡೆತ ತಲೆ, ಬೆನ್ನು ಎರಡಕ್ಕೂ ಹಂಚಿಹೋಗುತ್ತದೆ.

ಕಾನೂನು ಬರಲು ಇನ್ನೂ ತಡವಾಯಿತು. ಮಕ್ಕಳ ಸೀಟು ಕಡ್ಡಾಯವೆಂಬ ಅಮೆರಿಕದ ಮೊದಲ ರಾಜ್ಯ ಕಾನೂನು ಟೆನ್ನೆಸ್ಸಿಯಲ್ಲಿ ಜಾರಿಗೆ ಬಂದದ್ದು 1978ರಲ್ಲಿ. ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ 194ಬಿ ಕಲಮನ್ನು ಸೇರಿಸಿತು: 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು, ತಪ್ಪಿದರೆ 1,000 ರೂಪಾಯಿ ದಂಡ. ತೊಡಕಿರುವುದು ಆ ‘ಅಥವಾ’ದಲ್ಲೇ. ಐದು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಹಾಕಿ ನೋಡಿ. ಮೇಲಿನ ಪಟ್ಟಿ ಕತ್ತನ್ನು ಉಜ್ಜುತ್ತದೆ, ಮಗು ಅದನ್ನು ಬೆನ್ನ ಹಿಂದಕ್ಕೆ ತಳ್ಳುತ್ತದೆ. ಮಂಡಿ ಮಡಚಲು ಜಾಗ ಸಾಲದೆ ಮುಂದಕ್ಕೆ ಜಾರುತ್ತದೆ, ಸೊಂಟದ ಪಟ್ಟಿ ಹೊಟ್ಟೆಗೇರುತ್ತದೆ. ಗುದ್ದಿದಾಗ ಆ ಪಟ್ಟಿ ಒತ್ತುವುದು ಮೂಳೆಯನ್ನಲ್ಲ, ಕರುಳನ್ನು. ಬೂಸ್ಟರ್, ಅಂದರೆ ಕಾರಿನ ಸೀಟಿನ ಮೇಲಿಡುವ ಎತ್ತರದ ಕೂರುಮಣೆ, ಬಂದದ್ದು ಇದಕ್ಕಾಗಿಯೇ. ಮಗುವನ್ನು ಎತ್ತರಿಸಿ, ಸೊಂಟದ ಪಟ್ಟಿಯನ್ನು ತೊಡೆಯ ಬುಡಕ್ಕೂ ಹೆಗಲ ಪಟ್ಟಿಯನ್ನು ಹೆಗಲ ನಡುವಿಗೂ ತರುತ್ತದೆ. ಎತ್ತರ ಸುಮಾರು 145 ಸೆಂ.ಮೀ. ದಾಟುವವರೆಗೆ ಅದು ಬೇಕು. ಸೊಂಟಕ್ಕೆ ಮಾತ್ರ ಬೆಲ್ಟ್ ಇರುವ ಸೀಟಿನಲ್ಲಿ ಬೂಸ್ಟರ್ ಇಡಲೇಬಾರದು.

ದುಬಾರಿ ಸೀಟು ತಂದರೂ ಜೋಡಣೆ ಸಡಿಲವಿದ್ದರೆ ಪ್ರಯೋಜನವಿಲ್ಲ. ಕಾರಿನಲ್ಲಿ ಐಸೋಫಿಕ್ಸ್ (ಬೆಲ್ಟಿಲ್ಲದೆ ಮಕ್ಕಳ ಸೀಟನ್ನು ನೇರ ಕಾರಿಗೇ ಸಿಕ್ಕಿಸುವ ವ್ಯವಸ್ಥೆ) ಇದ್ದರೆ ಹಿಂದಿನ ಸೀಟಿನ ಸಂದಿಯಲ್ಲಿ 28 ಸೆಂ.ಮೀ. ಅಂತರದಲ್ಲಿ ಎರಡು ಕಬ್ಬಿಣದ ಸರಳುಗಳು ಕೈಗೆ ತಾಗುತ್ತವೆ. ಮಕ್ಕಳ ಸೀಟಿನ ಕೊಂಡಿಗಳು ಅಲ್ಲಿ ‘ಕ್ಲಿಕ್’ ಎನ್ನಬೇಕು. ಬೆಲ್ಟಿನಿಂದ ಕಟ್ಟುವುದಾದರೆ ಸೀಟನ್ನು ಬಲವಾಗಿ ಅದುಮಿ ಪಟ್ಟಿ ಎಳೆಯಿರಿ, ಆಮೇಲೆ ಬೆಲ್ಟ್ ಹಾದುಹೋಗುವ ಕಡೆ ಹಿಡಿದು ಅಲುಗಿಸಿ. 2.5 ಸೆಂ.ಮೀ.ಗಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಬೇಕು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಎಂದೂ ಬೇಡ.

ಡಿಸೆಂಬರ್ ಚಳಿಗೆ ತೊಡಿಸುವ ದಪ್ಪ ಸ್ವೆಟರ್ ಇನ್ನೊಂದು ಮೋಸ. ಪಟ್ಟಿ ಬಿಗಿಯಾಗಿದೆ ಅನ್ನಿಸುತ್ತದೆ, ಗುದ್ದಿದಾಗ ಉಣ್ಣೆ ಅಮುಕಿಕೊಂಡು ಸಡಿಲವಾಗುತ್ತದೆ. ಸ್ವೆಟರ್ ತೆಗೆದು, ಕಾಲರ್‌ಬೋನ್ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಗದಷ್ಟು ಬಿಗಿದು, ಶಾಲನ್ನು ಮೇಲಿನಿಂದ ಹೊದಿಸಿ.